ಸೈನಿಕರಾಗಲೊಲ್ಲದ ಸೈನಿಕ ಸಂತರು

ರೋಮನ್ ಆಳ್ವಿಕೆಯಲ್ಲಿ ಧರ್ಮಕ್ಕಾಗಿ ಪ್ರಾಣತೆತ್ತ ಆದಿ ಕ್ರೈಸ್ತ ಸೈನಿಕರ ಮಾತು ಬಂದಾಗ ಮೊದಲು ನೆನಪಾಗುವುದು ಥೀಬನ್ ದಳದ ಕಥೆ. ಮಾರಿಸ್ ಎಂಬ ನಾಯಕನೊಡನೆ ಇಡೀ ದಳವೇ ಆಲ್ಪ್ಸ್ ಪರ್ವತಸೀಮೆಯ ಅಗೌನಮ್‌ನಲ್ಲಿ ಕೊರಳೊಡ್ಡಿತೆಂದು ಐದನೆಯ ಶತಮಾನದಲ್ಲಿ ಲಿಯಾನ್ ನಗರದ ಬಿಷಪ್ ಯೂಕೇರಿಯಸ್ ಬರೆದನು. ಘಟನೆಗೂ ಬರಹಕ್ಕೂ ನಡುವೆ ನೂರು ವರ್ಷಕ್ಕೂ ಮಿಕ್ಕ ಅಂತರವಿರುವುದರಿಂದ ಇತಿಹಾಸಕಾರರಲ್ಲಿ ಹಲವರು ಅದನ್ನು ಇದ್ದಂತೆಯೇ ಒಪ್ಪುವುದಿಲ್ಲ. ಸಹಸ್ರಾರು ಜನರ ಆ ಕಥೆಗಿಂತ, ಇಬ್ಬರ ವಿಚಾರಣೆಯ ಎರಡು ಕಿರು ದಾಖಲೆಗಳು ಹೆಚ್ಚು ತೂಕವುಳ್ಳವು.

ಕ್ರಿ.ಶ. 295ರ ಮಾರ್ಚ್ 12ರಂದು ಉತ್ತರ ಆಫ್ರಿಕದ ಥೆವೆಸ್ಟೆಯಲ್ಲಿ ಮ್ಯಾಕ್ಸಿಮಿಲಿಯನ್ ಎಂಬ ತರುಣನನ್ನು ಸೈನ್ಯಕ್ಕೆ ಸೇರಿಸಲೆಂದು ಪ್ರಾಂತಾಧಿಪತಿ ಡಿಯೋನನ ಮುಂದೆ ತಂದರು. ಎತ್ತರವನ್ನು ಅಳೆದಾಗ ರೋಮನ್ ಮಾನದಲ್ಲಿ 5 ಅಡಿ 10 ಅಂಗುಲ. ಸೈನಿಕನ ಗುರುತಾದ ಸೀಸದ ಮುದ್ರೆಯನ್ನು ಕೊರಳಿಗೆ ತೊಡಿಸಹೋದಾಗ ಆತ ಒಲ್ಲೆನೆಂದನು. ಚಕ್ರವರ್ತಿಗಳ ಪರಿವಾರದಲ್ಲಿಯೇ ಕ್ರೈಸ್ತ ಸೈನಿಕರಿರುವುದನ್ನು ಡಿಯೋನ್ ನೆನಪಿಸಿದನು. ಅವರಿಗೆ ಯಾವುದು ತಕ್ಕುದೋ ಅವರೇ ಬಲ್ಲರು, ಕ್ರೈಸ್ತನಾದ ತಾನು ಮಾತ್ರ ಕೆಡುಕು ಮಾಡಲಾರೆನೆಂದು ಆತ ಉತ್ತರಿಸಿದನು. ಮಗನಿಗೆ ಬುದ್ಧಿ ಹೇಳೆಂದರೆ ತಂದೆ ಫೇಬಿಯಸ್ ವಿಕ್ಟರ್ ಮಗನ ನಿರ್ಧಾರವನ್ನು ಮಗನಿಗೇ ಬಿಟ್ಟನು. ಸೈನಿಕವೃತ್ತಿಗೆಂದು ಸಿದ್ಧಪಡಿಸಿದ್ದ ಹೊಸ ಉಡುಪನ್ನು ತನ್ನ ತಲೆ ಕಡಿಯುವವನಿಗೇ ಕೊಡಿಸಿದ ಆ ತರುಣನ ವಯಸ್ಸು ಇಪ್ಪತ್ತೊಂದು.

ಮೂರು ವರ್ಷಗಳ ಬಳಿಕ, 298ರಲ್ಲಿ, ಮಾರ್ಸೆಲಸ್ ಎಂಬ ಶತಾಧಿಪನು ಚಕ್ರವರ್ತಿಯ ಜನ್ಮದಿನೋತ್ಸವದಂದು ದಳದ ಧ್ವಜಗಳ ಮುಂದೆ ತನ್ನ ಸೊಂಟಪಟ್ಟಿಯನ್ನು ಬಿಚ್ಚಿ ಎಸೆದನು. ಅಕ್ಟೋಬರ್ 30ರಂದು ಟಿಂಗಿಸ್‌ನಲ್ಲಿ, ಅಂದರೆ ಇಂದಿನ ಮೊರಾಕ್ಕೊದ ಟ್ಯಾಂಜಿಯರ್‌ನಲ್ಲಿ, ಅವನಿಗೆ ಮರಣದಂಡನೆಯಾಯಿತು.

ಇವರ ವಿರೋಧವೆಲ್ಲ ರೋಮನ್ ದೇವತೆಗಳ ಪೂಜೆಗೆ ಮಾತ್ರ, ಸೈನಿಕವೃತ್ತಿಗಲ್ಲ ಎಂಬ ವಾದವೊಂದುಂಟು. ಮಾರ್ಸೆಲಸನ ದಾಖಲೆಯ ಪಾಠಾಂತರದಲ್ಲಿ ವಿಗ್ರಹಾರಾಧನೆಯ ಪ್ರಸ್ತಾಪವಿರುವುದೂ ನಿಜ. ಆದರೆ ಮ್ಯಾಕ್ಸಿಮಿಲಿಯನ್‌ಗೆ ಯಾರೂ ಪೂಜೆ ಮಾಡೆನ್ನಲಿಲ್ಲ. ಮುದ್ರೆ ಧರಿಸಿ ಸೇವೆಗೆ ನಿಲ್ಲೆಂದರು, ಅಷ್ಟೇ. ಆತ ನಿರಾಕರಿಸಿದ್ದು ಆ ಸೇವೆಯನ್ನೇ.

313ರಲ್ಲಿ ಕಾನ್‌ಸ್ಟಂಟೈನ್ ಮತ್ತು ಲಿಸಿನಿಯಸ್ ಕ್ರೈಸ್ತರಿಗೆ ಧರ್ಮಸ್ವಾತಂತ್ರ್ಯವನ್ನು ಒಪ್ಪಿದರು. ಮರುವರ್ಷವೇ ಆರ್ಲ್ ನಗರದಲ್ಲಿ ಸೇರಿದ ಬಿಷಪ್ಪರ ಸಭೆಯು, ಶಾಂತಿಯ ಕಾಲದಲ್ಲಿ ಆಯುಧ ಎಸೆಯುವವರನ್ನು ಪ್ರಭುಭೋಜನದಿಂದ ದೂರವಿಡಬೇಕೆಂದು ವಿಧಿಸಿತು. ಇಲ್ಲಿ ‘ಶಾಂತಿ’ ಎಂಬುದರ ಅರ್ಥವೇನೆಂದು ವಿದ್ವಾಂಸರು ಚರ್ಚಿಸುತ್ತಲೇ ಇದ್ದಾರೆ. ಅರ್ಥ ಯಾವುದಾದರೂ ಆಗಲಿ, ಮಾರ್ಸೆಲಸನನ್ನು ಹುತಾತ್ಮನನ್ನಾಗಿಸಿದ ಕಾರ್ಯವನ್ನೇ ಹೋಲುವ ಕಾರ್ಯವು ಹದಿನಾರು ವರ್ಷಗಳಲ್ಲಿ ಧರ್ಮಸಭೆಯಲ್ಲಿಯೇ ದೋಷವೆನಿಸಿತು.

ಚರ್ಚು ಇಬ್ಬರ ಸ್ಮರಣೆಯನ್ನೂ ಕೈಬಿಡಲಿಲ್ಲ. ಇಬ್ಬರೂ ಸಂತರೆನಿಸಿ ಸೈನಿಕ ಹುತಾತ್ಮರ ಸಾಲಿಗೆ ಸೇರಿದರು. ಸೈನ್ಯದ ಮುದ್ರೆಯನ್ನು ಮುಟ್ಟದವನೊಬ್ಬ, ಪಟ್ಟಿಯನ್ನು ಕಳಚಿದವನೊಬ್ಬ. ಇವರನ್ನು ಸೈನಿಕ ಸಂತರೆಂದಷ್ಟೇ ಕೊಂಡಾಡುವುದು ಅವರ ಸಾವಿನ ಕಾರಣವನ್ನು ಮರೆಸಿದಂತೆ. ಅವರಿಗೆ ಸಲ್ಲಬೇಕಾದ ಗೌರವವು ಆ ಕಾರಣವನ್ನು ಇದ್ದಂತೆ ಹೇಳುವುದರಲ್ಲಿದೆ.