ಹಾರುವವರು, ಹೊರುವವರು



ನಮ್ಮ ನಡುವೆ ಹೊಸದೊಂದು ಜಗಳ ಹುಟ್ಟಿಕೊಂಡಿದೆ. ನಮ್ಮವನೊಬ್ಬ, ಸರ್ಕಾರಿ ಹಾಸ್ಟೆಲ್ಲಿನ ಮುದ್ದೆ ತಿಂದು ಓದಿ ದೊಡ್ಡ ಕೆಲಸಕ್ಕೆ ಹೋದವನು, ಫ್ರಾಂಕ್‌ಫರ್ಟಿನ ವಿಮಾನದ ಮುಂದಿನ ಸೀಟಿನಲ್ಲಿ ಕಾಲು ನೀಡಿಕೊಂಡು ಕೂತ ಫೋಟೋ ಕಳಿಸಿದ. ಬಿಸಿನೆಸ್ ಕ್ಲಾಸು. ಕೈಲಿ ಗಾಜಿನ ಲೋಟ. ಆದದ್ದು ಇಷ್ಟೇ. ನೋಡಿದವರಲ್ಲಿ ಅರ್ಧ ಜನ "ನಮ್ಮ ಕೇರಿ ಹುಡುಗ ಆಕಾಶ ಮುಟ್ಟಿದ, ಜೈಭೀಮ್" ಅಂದರು. ಇನ್ನರ್ಧ ಜನ "ಬುಡ್ರಪ್ಪಾ, ಇವನೂ ಹಾರುವನಾದ" ಅಂತ ಮುಖ ತಿರುಗಿಸಿದರು. ಮಾತೇನೋ ಚೆನ್ನಾಗಿದೆ. ಕನ್ನಡದಲ್ಲಿ ಹಾರುವ ಅಂದರೆ ಬ್ರಾಹ್ಮಣನೂ ಹೌದು, ಮೇಲಕ್ಕೆ ಹಾರುವವನೂ ಹೌದು. ಆದರೆ ಈ ಎರಡು ಗುಂಪಿನವರ ಮಾತನ್ನೂ ನಾವು ಒಪ್ಪುವುದಿಲ್ಲ. ಯಾಕೆ ಒಪ್ಪುವುದಿಲ್ಲ ಅನ್ನುವುದನ್ನು ನೆಲದಿಂದಲೇ ಶುರುಮಾಡಿ ಹೇಳಬೇಕು. ವಿಮಾನ ಕೂಡ ನೆಲದಿಂದಲೇ ಏರುವುದು.

ಹೆಬ್ಬಾಳ ದಾಟಿ, ಬ್ಯಾಟರಾಯನಪುರ ಜಕ್ಕೂರುಗಳ ತಲೆಯ ಮೇಲೆ ಹಾಸಿದ ರಸ್ತೆ ಹಿಡಿದು, ಯಲಹಂಕ ಬಿಟ್ಟು, ಸಾದಹಳ್ಳಿಯಲ್ಲಿ ಟೋಲು ಕಟ್ಟಿದರೆ ದೇವನಹಳ್ಳಿಯ ವಿಮಾನ ನಿಲ್ದಾಣ. 2008ರ ಮೇ 24ರಂದು ಶುರುವಾದದ್ದು. ಸುಮಾರು 4000 ಎಕರೆ. ಸರ್ಕಾರದ ಎರಡು ಸಂಸ್ಥೆಗಳ ಪಾಲು ಸೇರಿ ನೂರಕ್ಕೆ 26, ಮಿಕ್ಕದ್ದು ಖಾಸಗಿಯವರದು. ಬಾಗಿಲಲ್ಲಿ 108 ಅಡಿಯ ಕೆಂಪೇಗೌಡರು ಕತ್ತಿ ಹಿಡಿದು ನಿಂತಿದ್ದಾರೆ. ಯಲಹಂಕದ ಪ್ರಭುವಿನ ಮೇಲೆ ನಮ್ಮ ತಕರಾರಿಲ್ಲ. ಆ ಪ್ರತಿಮೆಯೂ ಎರಡನೇ ಟರ್ಮಿನಲ್ಲೂ ಒಂದೇ ದಿನ, 2022ರ ನವೆಂಬರ್ 11ರಂದು, ಪ್ರಧಾನಿಯ ಕೈಯಿಂದ ಉದ್ಘಾಟನೆಯಾದವು. ಟರ್ಮಿನಲ್ಲಿಗೆ ಸುಮಾರು 5000 ಕೋಟಿ. ಒಳಗೆ ತೂಗುವ ತೋಟ, ಸೂರಿನ ತುಂಬ ಬಿದಿರು. ಮೇದರು ರಸ್ತೆಬದಿಯಲ್ಲಿ ಕೂತು ಮೊರ ಹೆಣೆಯುವ ಬಿದಿರು ಇಲ್ಲಿ ವೈಭವ.

ಈ ತೋಟದೊಳಗೆ ಕಾಲಿಟ್ಟ ಕೂಡಲೇ ಜನರನ್ನು ಬೇರೆ ಬೇರೆ ಮಾಡುವ ಕೆಲಸ ಶುರು. ದುಡ್ಡು ಹೆಚ್ಚು ಕೊಟ್ಟವರಿಗೆ ಬೇರೆ ಕೌಂಟರು, ಕೌಂಟರಿಗೆ ಬೇರೆ ಹಗ್ಗ. ಅವರ ಪೆಟ್ಟಿಗೆಗೆ ಬೇರೆ ಚೀಟಿ, ಇಳಿಯುವಾಗ ಆ ಪೆಟ್ಟಿಗೆಯೇ ಮೊದಲು ಬರಬೇಕು. ಲೌಂಜು ಅಂತ ಒಂದು ಪಡಸಾಲೆ. ಅಲ್ಲಿ ಮೆತ್ತನೆ ಕುರ್ಚಿ, ಕೇಳಿದಷ್ಟು ಊಟ, ಕೇಳಿದಷ್ಟು ಮದ್ಯ, ಸ್ನಾನದ ಮನೆ. ಹೊರಗೆ ಮಿಕ್ಕವರು ಕಬ್ಬಿಣದ ಬೆಂಚಿನ ಮೇಲೆ ಚಿತ್ರಾನ್ನಕ್ಕೆ ನೂರಾರು ರೂಪಾಯಿ ಕೊಟ್ಟು ಕೂತಿರುತ್ತಾರೆ. ಹತ್ತುವ ಹೊತ್ತಿಗೆ ಅವರನ್ನೇ ಮೊದಲು ಕರೆಯುತ್ತಾರೆ. ಹಿಂದಿನ ಸೀಟಿನವರು ಚೀಲ ಹೊತ್ತು ಒಳಗೆ ಬರುವಷ್ಟರಲ್ಲಿ ಅವರು ಬಿಸಿ ಟವಲಿನಲ್ಲಿ ಮುಖ ಒರೆಸಿಕೊಂಡು, ಲೋಟ ಹಿಡಿದು ಕೂತಾಗಿರುತ್ತದೆ. ಇವರು ಅವರ ಮುಂದೆಯೇ ಹಾದುಹೋಗಬೇಕು. ಹಾದುಹೋಗುವವರು ಅತ್ತ ನೋಡದ ಹಾಗೆ ನಟಿಸುತ್ತಾರೆ, ಕೂತವರು ಇತ್ತ ನೋಡದ ಹಾಗೆ. ಊರಲ್ಲಿ ಗೌಡರ ಜಗಲಿ ಮುಂದೆ ಹಾದು ಬಂದವರಿಗೆ ಈ ಆಟ ಯಾರೂ ಹೇಳಿಕೊಡಬೇಕಿಲ್ಲ. 2022ರ ಅಕ್ಟೋಬರಿನಲ್ಲಿ ದುಬೈಯಿಂದ ಎರಡು ಅಂತಸ್ತಿನ ವಿಮಾನ ಬೆಂಗಳೂರಿಗೆ ಬರತೊಡಗಿದಾಗ ಪತ್ರಿಕೆಗಳು ಜಾತ್ರೆ ಮಾಡಿದವು. ದುಡ್ಡಿನವರು ಮೇಲಂತಸ್ತಿನಲ್ಲಿ, ಮಿಕ್ಕವರು ಕೆಳಗೆ. ಅಗ್ರಹಾರ ಮೇಲೆ, ಕೇರಿ ಕೆಳಗೆ, ರೆಕ್ಕೆ ಒಂದೇ.

ಆದರೆ ನಿಲ್ಲಿ. ಇಲ್ಲೇ ನಮ್ಮ ಕೆಲವು ಗೆಳೆಯರು ಎಡವುತ್ತಾರೆ. ವಿಮಾನದ ಪರದೆಯನ್ನು ಅಸ್ಪೃಶ್ಯತೆ ಅಂತ ಕರೆದು ಚಪ್ಪಾಳೆ ಗಿಟ್ಟಿಸುತ್ತಾರೆ. ಅದು ಅಸ್ಪೃಶ್ಯತೆ ಅಲ್ಲ. ಹಾಗಂದರೆ ಹೋಟೆಲಿನ ಹೊರಗೆ ತೆಂಗಿನ ಚಿಪ್ಪಿನಲ್ಲಿ ಟೀ ಕುಡಿದ ನಮ್ಮ ಅಜ್ಜಂದಿರಿಗೆ, ದೂರದಿಂದ ಎತ್ತಿ ಹೊಯ್ದ ನೀರಿಗೆ ಬೊಗಸೆ ಒಡ್ಡಿದ ನಮ್ಮ ಅವ್ವಂದಿರಿಗೆ ಮಾಡುವ ಅವಮಾನ. ದುಡ್ಡು ಕೊಟ್ಟರೆ ಪರದೆ ಸರಿಯುತ್ತದೆ. ಜಾತಿಯ ಪರದೆ ದುಡ್ಡಿಗೆ ಸರಿಯುವುದಿಲ್ಲ. ಈ ವ್ಯತ್ಯಾಸ ತಿಳಿಯದವರು ದಲಿತ ಚಳವಳಿಯ ಮಾತಾಡಬಾರದು.

1901ರಲ್ಲಿ ಮಸೂರ್ ಅನ್ನುವ ರೈಲು ನಿಲ್ದಾಣದಲ್ಲಿ ನಡೆದದ್ದನ್ನು ನೆನೆಯಿರಿ. ಬಾಲಕ ಭೀಮರಾವ್, ಅವನ ಅಣ್ಣ, ಅಕ್ಕನ ಮಕ್ಕಳು ತಂದೆಯನ್ನು ನೋಡಲು ಹೊರಟವರು ರೈಲಿಂದ ಇಳಿದರು. ಹೊಸ ಬಟ್ಟೆ, ತಲೆಗೆ ಟೋಪಿ. ಸ್ಟೇಷನ್ ಮಾಸ್ತರ ಮೊದಲು ಒಳ್ಳೆಯ ಮಾತೇ ಆಡಿದ. ಮಹಾರರು ಅಂತ ತಿಳಿದದ್ದೇ ಮುಖ ಬೇರೆಯಾಯಿತು. ಬಾಡಿಗೆ ಗಾಡಿಗಳು ಸಾಲಾಗಿ ನಿಂತಿದ್ದವು, ಒಬ್ಬನೂ ಹತ್ತಿಸಿಕೊಳ್ಳಲಿಲ್ಲ. ಕಡೆಗೆ ಎರಡರಷ್ಟು ಬಾಡಿಗೆ ಕೊಟ್ಟು, ಗಾಡಿಯನ್ನು ಮಕ್ಕಳೇ ಹೊಡೆದುಕೊಂಡು ಹೋಗಬೇಕು, ಗಾಡಿಯವನು ಪಕ್ಕದಲ್ಲಿ ನಡೆದು ಬರುತ್ತಾನೆ ಅಂತ ಒಪ್ಪಂದವಾಯಿತು. ಆ ದಾರಿಯಲ್ಲಿ ಆ ಮಕ್ಕಳಿಗೆ ಕುಡಿಯಲು ನೀರು ಸಿಗಲಿಲ್ಲ. ಎರಡರಷ್ಟು ದುಡ್ಡು ಕೊಟ್ಟವನಿಗೆ ಮುಂದಿನ ಸೀಟು ಸಿಗುವುದು ಇವತ್ತಿನ ಬಿಸಿನೆಸ್ ಕ್ಲಾಸು. ಎರಡರಷ್ಟು ದುಡ್ಡು ಕೊಟ್ಟರೂ ನೀರು ಸಿಗದೆ ಹೋದದ್ದು ಜಾತಿ. 1893ರಲ್ಲಿ ಪೀಟರ್‌ಮಾರಿಟ್ಸ್‌ಬರ್ಗಿನಲ್ಲಿ ಗಾಂಧಿಯನ್ನು ಮೊದಲ ದರ್ಜೆಯ ಡಬ್ಬಿಯಿಂದ ಇಳಿಸಿದ ಕತೆಯನ್ನು ಶಾಲೆಯ ಎಲ್ಲ ಮಕ್ಕಳೂ ಬಲ್ಲರು. ಮೇಷ್ಟ್ರುಗಳೇ, ಮಸೂರಿನ ಕತೆಯನ್ನು ನಿಮ್ಮ ತರಗತಿಯಲ್ಲಿ ಎಷ್ಟು ಮಕ್ಕಳು ಬಲ್ಲರು?

ಹಾಗಾದರೆ ನಮ್ಮವನು ಮುಂದಿನ ಸೀಟಿನಲ್ಲಿ ಕೂತದ್ದು ಬಿಡುಗಡೆಯೇ? ಅದೂ ಅಲ್ಲ. ಜಾತಿ ಟಿಕೆಟ್ ಇಲ್ಲದೆ ಹಾರುತ್ತದೆ, ಅದಕ್ಕೆ ವೀಸಾ ಬೇಡ. ಅದು ಸಮುದ್ರ ದಾಟಿ ಹೋದದ್ದಕ್ಕೇ 2023ರಲ್ಲಿ ಅಮೆರಿಕದ ಸಿಯಾಟಲ್ ನಗರ ಜಾತಿ ತಾರತಮ್ಯವನ್ನು ನಿಷೇಧಿಸಬೇಕಾಯಿತು. ಅದೇ ವರ್ಷ ಕ್ಯಾಲಿಫೋರ್ನಿಯದ ಶಾಸನಸಭೆ ಅಂಥದ್ದೇ ಮಸೂದೆ ಪಾಸು ಮಾಡಿದರೆ ಅಲ್ಲಿನ ಗವರ್ನರ್ ಅದನ್ನು ತಡೆದ. ಬಾಬಾಸಾಹೇಬರು ನ್ಯೂಯಾರ್ಕು, ಲಂಡನ್ನು ಎರಡೂ ಕಂಡು ಬಂದು ಬರೋಡಕ್ಕೆ ನೌಕರಿಗೆ ಹೋದಾಗ ತಂಗಲು ಒಂದು ಕೋಣೆ ಸಿಗಲಿಲ್ಲ. ಪಾರ್ಸಿ ಛತ್ರದಿಂದ ಕೋಲು ಹಿಡಿದು ಬಂದವರು ಹೊರಗೆ ಅಟ್ಟಿದರು. ಯಾವ ದೇಶ ನೋಡಿ ಬಂದರೇನು, ಇಳಿಯಬೇಕಾದದ್ದು ಇದೇ ನೆಲಕ್ಕೆ.

ಈಗ ಸರಳತೆಯ ಉಪದೇಶ ಮಾಡುವವರ ಕಡೆಗೆ ತಿರುಗೋಣ. ಕೋಟಿಗಟ್ಟಲೆ ಇದ್ದವನು ಒಂದು ದಿನ ಹಿಂದಿನ ಸೀಟಿನಲ್ಲಿ ಕೂತರೆ ಪತ್ರಿಕೆಯಲ್ಲಿ ಫೋಟೋ: ಎಂಥ ಸರಳ ಮನುಷ್ಯ! ನಮ್ಮವನು ಜೀವನದಲ್ಲಿ ಒಂದು ಸಲ ಮುಂದೆ ಕೂತರೆ: ಕಂಡ್ಯಾ, ಸೊಕ್ಕು! ಬಿಡಲು ಇದ್ದವನು ಬಿಟ್ಟರೆ ತ್ಯಾಗ. ಏನೂ ಇಲ್ಲದವನಿಗೆ ಬಿಡು ಅನ್ನುವುದು ದಬ್ಬಾಳಿಕೆ. ಕೇಂದ್ರ ಸರ್ಕಾರದ ಭತ್ಯೆಯ ನಿಯಮದಲ್ಲಿ ವೇತನದ 14ನೇ ಹಂತ ಮತ್ತು ಮೇಲಿನ ಅಧಿಕಾರಿಗಳಿಗೆ ಬಿಸಿನೆಸ್ ಕ್ಲಾಸು ಹಕ್ಕು. ಅದೇ ಕೇಂದ್ರ ಸರ್ಕಾರ ಪರಿಶಿಷ್ಟ ಜಾತಿಯ ವಿದ್ಯಾರ್ಥಿಯನ್ನು ವಿದೇಶಕ್ಕೆ ಓದಲು ಕಳಿಸಿದರೆ ಎಕಾನಮಿ ಕ್ಲಾಸು, ಅದೂ ಹತ್ತಿರದ ದಾರಿ. ಇರಲಿ, ನಮ್ಮ ಹುಡುಗರು ಮಂಡಿ ಮಡಚಿಕೊಂಡೇ ಹೋಗುತ್ತಾರೆ, ಹೋಗಲಿಕ್ಕೆ ಬಿಟ್ಟರೆ ಸಾಕು. 1954ರಲ್ಲಿ ಶುರುವಾದ ಆ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಇಷ್ಟು ದೊಡ್ಡ ದೇಶಕ್ಕೆ ವರ್ಷಕ್ಕೆ 125. 2022ರಲ್ಲಿ ಭಾರತದ ಸಂಸ್ಕೃತಿ, ಇತಿಹಾಸ, ಸಮಾಜ ಕುರಿತ ವಿಷಯ ತೆಗೆದುಕೊಂಡವರಿಗೆ ಕೊಡುವುದಿಲ್ಲ ಅಂತ ನಿಯಮ ಬದಲಿಸಿದರು. ಅಂದರೆ ಹೊರಗೆ ಹೋಗಿ ಜಾತಿಯ ಬಗ್ಗೆ ಓದಬೇಡ ಅಂತ. 2025ರ ಜುಲೈಯಲ್ಲಿ ಆಯ್ಕೆಯಾದ 106 ಜನರಲ್ಲಿ ಮೊದಲಿಗೆ 40 ಜನಕ್ಕೆ ಮಾತ್ರ ಪತ್ರ ಕೊಟ್ಟು, ಮಿಕ್ಕವರಿಗೆ ಹಣ ಇದ್ದರೆ ನೋಡೋಣ ಅಂದರು. ಹಣ ಇಲ್ಲದ್ದು ಯಾರಿಗೆ? ಇದೇ ಬೆಂಗಳೂರಿನ ಹೆಂಡದ ದೊರೆ ವಿಜಯ್ ಮಲ್ಯ ವಿಮಾನ ಕಂಪನಿ ಮಾಡಿ, ಬ್ಯಾಂಕುಗಳಿಂದ ಸಾವಿರಾರು ಕೋಟಿ ಎತ್ತಿ, 2012ರಲ್ಲಿ ವಿಮಾನಗಳು ನಿಂತಾಗ ನೌಕರರ ತಿಂಗಳುಗಟ್ಟಲೆ ಸಂಬಳ ಬಾಕಿ ಉಳಿಸಿ, 2016ರ ಮಾರ್ಚ್ 2ರಂದು ದೆಹಲಿಯಿಂದ ಲಂಡನ್ನಿಗೆ ಹಾರಿದ. ಅವನ ಟಿಕೆಟ್ಟಿಗೆ ಯಾರೂ ಹತ್ತಿರದ ದಾರಿ ಅಂತ ಷರತ್ತು ಹಾಕಲಿಲ್ಲ.

2009ರಲ್ಲಿ ದೆಹಲಿಯಲ್ಲಿ ಮಿತವ್ಯಯದ ಗಾಳಿ ಬೀಸಿದಾಗ ಮಂತ್ರಿ ಶಶಿ ತರೂರ್ ಎಕಾನಮಿ ಸೀಟನ್ನು ಇಂಗ್ಲಿಷಿನ ವಾಡಿಕೆಯಂತೆ ದನದ ಕ್ಲಾಸು ಅಂದರು. ದೇಶವೆಲ್ಲ ಗದ್ದಲ. ತಮಾಷೆ ಅಂದರು, ಕ್ಷಮೆ ಕೇಳಿದರು, ಮುಗಿಯಿತು. ದನ ಅಂದಾಗ ನಮಗೆ ಬೇರೊಂದು ಮಾತು ನೆನಪಾಗುತ್ತದೆ. 1973ರಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದ ಬಹುಪಾಲು ಬೂಸಾ ಅಂದರು. ದನ ತಿನ್ನುವ ಬೂಸಾ. ಅವರಿಗೆ ತಮಾಷೆಯ ಮಾಫಿ ಸಿಗಲಿಲ್ಲ. ಹಾಸ್ಟೆಲ್ಲುಗಳಲ್ಲಿ ನಮ್ಮ ಹುಡುಗರಿಗೆ ಏಟು ಬಿತ್ತು, ಅವರ ಮಂತ್ರಿ ಪದವಿ ಹೋಯಿತು. ಆ ಏಟಿನಿಂದಲೇ ನಮ್ಮ ಚಳವಳಿ ಎದ್ದದ್ದು. ಆ ಬಸವಲಿಂಗಪ್ಪನವರು ಇದೇ ಯಲಹಂಕದಿಂದ ಶಾಸನಸಭೆಗೆ ಹೋದವರು. ತಲೆಯ ಮೇಲೆ ಮಲ ಹೊರುವುದನ್ನು ಈ ರಾಜ್ಯದಲ್ಲಿ ನಿಲ್ಲಿಸಲು ಆಜ್ಞೆ ಮಾಡಿದ ಮಂತ್ರಿ. ಆಗ ಯಲಹಂಕ ಮೀಸಲು ಕ್ಷೇತ್ರ. 2008ರಲ್ಲಿ ಅದು ಸಾಮಾನ್ಯ ಕ್ಷೇತ್ರವಾಯಿತು. ವಿಮಾನ ಬಂದ ವರ್ಷವೇ ಮೀಸಲು ಹೋಯಿತು. ಕಾಕತಾಳೀಯ ಇರಬಹುದು. ನಾವು ಗುರುತು ಹಾಕಿಕೊಂಡಿದ್ದೇವೆ ಅಷ್ಟೇ.

ಮಲದ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡೋಣ. ಹದಿನಾಲ್ಕು ಗಂಟೆ ಹಾರಿ ಬಂದ ವಿಮಾನದ ಹೊಟ್ಟೆಯಲ್ಲಿ ಒಂದು ತೊಟ್ಟಿ ಇರುತ್ತದೆ. ಮುಂದಿನವರದೂ ಹಿಂದಿನವರದೂ ಕೂಡುವುದು ಅಲ್ಲೇ. ಅಲ್ಲಿ ಪರದೆ ಇಲ್ಲ. ಕೆಳಗೆ ಒಂದು ಗಾಡಿ ಬಂದು ಕೊಳವೆ ಸಿಕ್ಕಿಸಿಕೊಳ್ಳುತ್ತದೆ. ಆ ಕೊಳವೆ ಹಿಡಿಯುವವರು, ಸೀಟಿನ ಸಂದಿಯಿಂದ ಕಸ ಹೆಕ್ಕುವವರು, ಲೌಂಜಿನ ಸ್ನಾನದ ಮನೆ ತಿಕ್ಕುವವರು ಗುತ್ತಿಗೆಯ ಮೇಲೆ ಬಂದವರು. ನಸುಕಿಗೆ ಮುಂಚೆ ಎದ್ದು ಪಾಳಿಗೆ ಹೋಗುವ ಅಂಥ ಅಕ್ಕಂದಿರನ್ನು, ಅಣ್ಣಂದಿರನ್ನು ನಾವು ಬಲ್ಲೆವು. ವಿಮಾನಗಳ ಹೆಸರೆಲ್ಲ ಬಾಯಿಪಾಠ ಅವರಿಗೆ. ಹತ್ತಿದ್ದಾರೆ, ಪೊರಕೆ ಹಿಡಿದು. ಗುತ್ತಿಗೆದಾರ ಬದಲಾದಾಗೆಲ್ಲ ಅವರ ಕೆಲಸದ ವರ್ಷಗಳು ಸೊನ್ನೆಯಿಂದ ಶುರು. ನಮ್ಮವನ ಸೀಟಿನ ಬಗ್ಗೆ ಜಗಳವಾಡಿದ ಎರಡು ಗುಂಪಿನವರೂ ಇವರ ಬಗ್ಗೆ ಒಂದು ಮಾತು ಆಡಲಿಲ್ಲ. ನಮಗೆ ಸಿಟ್ಟು ಬಂದದ್ದು ಅಲ್ಲಿ.

ಇನ್ನು ನೆಲ. ನಿಜವಾದ ಮಾತು ಇದೇ. ದೇವನಹಳ್ಳಿ ರಾಗಿಯ ಸೀಮೆ, ಚಕೋತದ ಸೀಮೆ, ನೀಲಿ ದ್ರಾಕ್ಷಿಯ ಸೀಮೆ, ಹಿಪ್ಪುನೇರಳೆಯ ಸೀಮೆ. 4000 ಎಕರೆ ಹೋದ ಮೇಲೂ ಹೊಟ್ಟೆ ತುಂಬಲಿಲ್ಲ. ವಿಮಾನದ ಬಿಡಿಭಾಗ ಮಾಡುವ ಪಾರ್ಕಿಗಾಗಿ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1777 ಎಕರೆ ಬೇಕು ಅಂತ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ ನೋಟೀಸು ಹೊರಡಿಸಿತು. 2022ರ ಏಪ್ರಿಲ್ 4ರಂದು ಜನ ಧರಣಿ ಕೂತರು. ಒಕ್ಕಲಿಗರು ಕೂತರು, ಹಿಂದುಳಿದವರು ಕೂತರು, ನಮ್ಮ ಹಟ್ಟಿಯವರು ಕೂತರು. ಒಂದು ಸರ್ಕಾರ ಹೋಗಿ ಇನ್ನೊಂದು ಬಂತು. ವಿರೋಧ ಪಕ್ಷದಲ್ಲಿದ್ದಾಗ ನಿಮ್ಮ ಜೊತೆ ಇದ್ದೇವೆ ಅಂದವರು ಅಧಿಕಾರಕ್ಕೆ ಬಂದು ಎರಡು ವರ್ಷ ಸುಮ್ಮನಿದ್ದರು. 2025ರ ಜೂನಿನಲ್ಲಿ 495 ಎಕರೆ ಬಿಡುತ್ತೇವೆ, ಮಿಕ್ಕದ್ದು ಕೊಡಿ ಅಂತ ಸಂತೆಯ ಚೌಕಾಸಿ ಮಾಡಿದರು. ಜೂನ್ 25ರಂದು ದೇವನಹಳ್ಳಿ ಚಲೋಗೆ ಬಂದವರನ್ನು ಪೊಲೀಸರು ಎಳೆದು ವ್ಯಾನಿಗೆ ತುಂಬಿದರು. ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಪೂರ್ತಿ ಕೈಬಿಟ್ಟಿದ್ದೇವೆ ಅಂದರು. 1198 ದಿನ. ಈ ಕಾಲದಲ್ಲಿ ಇಷ್ಟು ದಿನ ಕೂತು ಗೆದ್ದ ಹೋರಾಟಗಳನ್ನು ಬೆರಳಲ್ಲಿ ಎಣಿಸಬಹುದು. ಆದರೆ ಅದೇ ಉಸಿರಿನಲ್ಲಿ, ಇಷ್ಟವಿದ್ದು ಕೊಡುವವರಿಂದ ಹೆಚ್ಚಿನ ಬೆಲೆಗೆ ಕೊಳ್ಳುತ್ತೇವೆ ಅಂತಲೂ ಅಂದರು. ಆ ಸಂದಿಯ ಮೇಲೆ ಕಣ್ಣಿಡಬೇಕು.

ಯಾಕೆಂದರೆ ನಮ್ಮವರ ಜಮೀನು ಹೋಗುವುದು ಯಾವಾಗಲೂ ಅಂಥ ಸಂದಿಯಲ್ಲೇ. ತೋಟಿ ತಳವಾರಿಕೆಯ ಇನಾಮು, ದರಖಾಸ್ತಿನಲ್ಲಿ ಸಿಕ್ಕ ಒಂದೆರಡು ಎಕರೆ. ಮಗಳ ಮದುವೆಗೋ, ಕಾಯಿಲೆಗೋ, ಎರಡು ಬಾಟಲಿಗೋ ಹೆಬ್ಬೆಟ್ಟು ಒತ್ತಿಸಿಕೊಂಡು ಹೊಡೆದುಕೊಂಡರು. ಅದನ್ನು ಬಿಡಿಸಲೆಂದೇ 1978ರಲ್ಲಿ ಅರಸು ಸರ್ಕಾರದ ಕಾಯ್ದೆ ಬಂತು, ಜನ ಪಿಟಿಸಿಎಲ್ ಅನ್ನುತ್ತಾರಲ್ಲ ಅದು. ಮಂಜೂರಾದ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಮಾರಿದರೆ ಆ ಮಾರಾಟ ನಿಲ್ಲುವುದಿಲ್ಲ, ಜಮೀನು ಮೂಲದವರಿಗೆ ಬರಬೇಕು. 2017ರಲ್ಲಿ ಸುಪ್ರೀಂ ಕೋರ್ಟು ತಡಮಾಡಿ ಬಂದಿರಿ ಅಂದ ಮೇಲೆ ಅರ್ಜಿಗಳು ಸಾಲುಸಾಲಾಗಿ ಬಿದ್ದವು. ಓದು ಬರದ ಮನೆಯವರು ಕಾನೂನು ತಿಳಿದು ಬರಲು ತಡ ಮಾಡಿದರಂತೆ! 2023ರಲ್ಲಿ ತಿದ್ದುಪಡಿ ತಂದು, ಅರ್ಜಿಗೆ ಕಾಲದ ಮಿತಿ ಇಲ್ಲ ಅಂತ ಶಾಸನಸಭೆ ಹೇಳಿತು. ಅದಕ್ಕೂ ಧರಣಿಯೇ ಬೇಕಾಯಿತು. ರನ್‌ವೇ ಬಂದು ಎಕರೆಗೆ ಕೋಟಿಯ ಮಾತಾಡುವ ಹೊತ್ತಿನಲ್ಲಿ ಈ ಅರ್ಜಿಗಳಿಗೆ ಯಾಕೆ ಇಷ್ಟು ವಿರೋಧ ಅನ್ನುವುದನ್ನು ಬಿಡಿಸಿ ಹೇಳಬೇಕೆ?

ಫೋಟೋ ಕಳಿಸಿದ ಗೆಳೆಯನಿಗೆ ನಮ್ಮ ಮಾತು ಇಷ್ಟು: ಕೂತ್ಕೊ ಮಾರಾಯ, ಕಾಲು ಚಾಚು, ನಿನ್ನಪ್ಪ ಬಸ್ಸಿನಲ್ಲೂ ಸೀಟಿದ್ದೂ ನಿಂತು ಬಂದವನು. ಆದರೆ ಕಂಪನಿಯ ಬಾಗಿಲಲ್ಲಿ ನಿನ್ನ ಹಿಂದೆ ಬರುವ ಹುಡುಗಿಗೆ ಬಾಗಿಲು ಹಿಡಿದು ನಿಲ್ಲುತ್ತೀಯೋ ಇಲ್ಲವೋ, ಅದನ್ನು ನಾವು ಕೇಳುತ್ತಲೇ ಇರುತ್ತೇವೆ. ಮುಖ ತಿರುಗಿಸಿದ ಗೆಳೆಯರಿಗೆ: ನಿಮ್ಮ ಸಿಟ್ಟನ್ನು ತಪ್ಪು ವಿಳಾಸಕ್ಕೆ ಕಳಿಸಬೇಡಿ.

ಅದರ ವಿಳಾಸ ಉಪವಿಭಾಗಾಧಿಕಾರಿಯ ಕಚೇರಿ. ದೇವನಹಳ್ಳಿ, ದೊಡ್ಡಬಳ್ಳಾಪುರ, ಯಲಹಂಕದ ಸುತ್ತಿನ ಹಟ್ಟಿಗಳಲ್ಲಿ ತಗಡಿನ ಪೆಟ್ಟಿಗೆಯ ತಳದಲ್ಲಿ ಹಳೆಯ ಸಾಗುವಳಿ ಚೀಟಿ ಇಟ್ಟುಕೊಂಡ ಮನೆಗಳಿವೆ. ವಿದ್ಯಾರ್ಥಿಗಳು ರಜೆಯಲ್ಲಿ ಊರಿಗೆ ಹೋದಾಗ ಅದನ್ನು ಹೊರಗೆ ತೆಗೆಸಿ, ಸರ್ವೆ ನಂಬರು, ಮಂಜೂರಾದ ವರ್ಷ, ಈಗ ಪಹಣಿಯಲ್ಲಿ ಯಾರ ಹೆಸರಿದೆ ಅನ್ನುವುದನ್ನು ಬರೆದುಕೊಳ್ಳಿ. ಮೇಷ್ಟ್ರುಗಳು ಅರ್ಜಿ ಬರೆದುಕೊಡಲಿ. ಹಿಂದೆ ತಡವಾಯಿತೆಂದು ವಾಪಸು ಬಂದ ಅರ್ಜಿಗಳಿದ್ದರೆ ಅವನ್ನೂ ಬೇರೆ ಕಟ್ಟಿ ಇಡಿ. 2023ರ ತಿದ್ದುಪಡಿಯ ಪ್ರತಿಯನ್ನು ಜೊತೆಗೆ ಲಗತ್ತಿಸಿ, ಹಿಂಬರಹ ಪಡೆಯದೆ ಕಚೇರಿಯಿಂದ ಎದ್ದು ಬರಬೇಡಿ.