ವಿಮಾನ ನಮ್ಮದು, ಎಂಜಿನ್ ಯಾರದು?

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ಈ ಪ್ರಶ್ನೆ ಹೊಸದಲ್ಲ: ಭಾರತೀಯ ವಾಯುಪಡೆಯ ಪಶ್ಚಿಮ ವಾಯು ಕಮಾಂಡ್‌ನ ಕೇಂದ್ರ ಕಚೇರಿ ಎಲ್ಲಿದೆ? ದೆಹಲಿ ಎಂದು ಗುರುತು ಹಾಕಿ ಮುಂದಕ್ಕೆ ಹೋಗುತ್ತೇವೆ. ಆ ಕಮಾಂಡ್‌ನ ಇತಿಹಾಸವನ್ನು ಸ್ವಲ್ಪ ಬಿಡಿಸಿ ಓದಿದರೆ ಇನ್ನೊಂದು ಪ್ರಶ್ನೆ ಏಳುತ್ತದೆ. ಏಳು ದಶಕಗಳಲ್ಲಿ ಅದು ಹಾರಿಸಿದ ಯುದ್ಧವಿಮಾನಗಳಲ್ಲಿ ಎಷ್ಟಕ್ಕೆ ನಮ್ಮದೇ ವಿನ್ಯಾಸದ ಎಂಜಿನ್ ಇತ್ತು? ಉತ್ತರ: ಒಂದಕ್ಕೂ ಇಲ್ಲ. ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿ ಕೆಲಸ ಹುಡುಕುತ್ತಿರುವ ನನಗೆ ಇದು ಬರೀ ಸಾಮಾನ್ಯ ಜ್ಞಾನವಾಗಿ ಉಳಿಯಲಿಲ್ಲ.

1949ರಲ್ಲಿ ಆಪರೇಷನಲ್ ಕಮಾಂಡ್ ಎಂದು ಶುರುವಾದ ಈ ವಿಭಾಗಕ್ಕೆ 1963ರಲ್ಲಿ ಪಶ್ಚಿಮ ಕಮಾಂಡ್ ಎಂಬ ಹೆಸರು ಬಂತು. ಲಡಾಖ್, ಕಾಶ್ಮೀರ, ಪಂಜಾಬ್‌ನ ಆಕಾಶ ಇಂದಿಗೂ ಅದರ ಹೊಣೆ. 1980ರಲ್ಲಿ ನೈಋತ್ಯ ಕಮಾಂಡ್ ಹುಟ್ಟುವ ತನಕ ರಾಜಸ್ಥಾನದ ಮರುಭೂಮಿಯ ಮೇಲಿನ ಕಾವಲೂ ಅದರದೇ ಆಗಿತ್ತು. ಅದರ ವಿಮಾನಗಳ ಪಟ್ಟಿ ನೋಡಿ. ವ್ಯಾಂಪೈರ್, ಹಂಟರ್, ನ್ಯಾಟ್ ಬ್ರಿಟನ್ನಿನವು. ತೂಫಾನಿ, ಮಿಸ್ಟೇರ್ ಫ್ರಾನ್ಸಿನವು. ಮಿಗ್‌ಗಳು ಸೋವಿಯತ್ ದೇಶದವು. ಈಗ ಅಂಬಾಲದಲ್ಲಿರುವ ರಫೇಲ್ ಮತ್ತೆ ಫ್ರಾನ್ಸಿನದು. ಇವುಗಳಲ್ಲಿ ಕೆಲವನ್ನು ಬೆಂಗಳೂರಿನ ಎಚ್‌ಎಎಲ್ ಸೇರಿದಂತೆ ನಮ್ಮ ಕಾರ್ಖಾನೆಗಳಲ್ಲೇ ತಯಾರಿಸಿದ್ದು ನಿಜ. ಆದರೆ ಅದು ಲೈಸೆನ್ಸ್ ಪಡೆದು, ಬೇರೆಯವರ ನಕ್ಷೆ ನೋಡಿ ಮಾಡಿದ ಕೆಲಸ.

ಇದರಿಂದ ನಮ್ಮ ಪೈಲಟ್‌ಗಳ ಸಾಹಸ ಒಂದಿಷ್ಟೂ ಕಡಿಮೆಯಾಗುವುದಿಲ್ಲ. 1965ರ ಸೆಪ್ಟೆಂಬರ್ 7ರಂದು ಪಂಜಾಬಿನ ಆದಂಪುರದಿಂದ ಪಾಕಿಸ್ತಾನದ ಸರ್ಗೋಧಾ ನೆಲೆಯ ಮೇಲೆ ದಾಳಿಗೆ ಹೊರಟ ಮಿಸ್ಟೇರ್ ತಂಡದಲ್ಲಿ ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ಇದ್ದರು. ಎದುರಾದದ್ದು ಶಬ್ದದ ಎರಡರಷ್ಟು ವೇಗದಲ್ಲಿ ಹಾರಬಲ್ಲ ಸ್ಟಾರ್‌ಫೈಟರ್. ವೇಗದಲ್ಲಿ ಎಷ್ಟೋ ಹಿಂದಿದ್ದ ವಿಮಾನದಲ್ಲೇ ಅವರು ಅದನ್ನು ಹೊಡೆದುರುಳಿಸಿದರು, ತಾವೂ ಮರಳಲಿಲ್ಲ. 23 ವರ್ಷಗಳ ನಂತರ, 1988ರಲ್ಲಿ, ಅವರಿಗೆ ಮರಣೋತ್ತರ ಮಹಾವೀರ ಚಕ್ರ ಬಂತು. 1971ರಲ್ಲಿ ಲೋಂಗೆವಾಲಾದಲ್ಲಿ ಪಾಕಿಸ್ತಾನದ ಟ್ಯಾಂಕುಗಳನ್ನು ಜೈಸಲ್ಮೇರ್‌ನಿಂದ ಬಂದ ಕೆಲವೇ ಹಂಟರ್‌ಗಳು ತಡೆದ ಕತೆ ‘ಬಾರ್ಡರ್’ ಸಿನಿಮಾ ನೋಡಿದವರಿಗೆಲ್ಲ ಗೊತ್ತು. ಯಂತ್ರದ ಕೊರತೆಯನ್ನು ಮನುಷ್ಯ ತನ್ನ ಗುಂಡಿಗೆಯಿಂದ ತುಂಬಿದ ಇಂಥ ಕತೆಗಳಿಗೆ ನಾವು ಚಪ್ಪಾಳೆ ತಟ್ಟುತ್ತೇವೆ. ಕೊರತೆ ಯಾಕಿತ್ತು ಎಂದು ಕೇಳುವುದಿಲ್ಲ.

ಆ ಪ್ರಶ್ನೆಗೆ ಉತ್ತರ ಬೆಂಗಳೂರಿನಲ್ಲೇ ಇದೆ. ಜರ್ಮನಿಯ ಕುರ್ಟ್ ಟ್ಯಾಂಕ್ ಅವರ ಮಾರ್ಗದರ್ಶನದಲ್ಲಿ ಎಚ್‌ಎಎಲ್ ರೂಪಿಸಿದ ‘ಮಾರುತ್’ 1961ರ ಜೂನ್‌ನಲ್ಲಿ ಮೊದಲ ಬಾರಿ ಹಾರಿತು. ಅದನ್ನು ಹಾರಿಸಿದವರು ಸುರಂಜನ್ ದಾಸ್. ಶಬ್ದದ ಎರಡು ಪಟ್ಟು ವೇಗಕ್ಕೆಂದು ಯೋಚಿಸಿದ ವಿಮಾನ ಅದು. ಆದರೆ ಅದಕ್ಕೆ ತಕ್ಕ ಎಂಜಿನ್ ಸಿಗಲಿಲ್ಲ. ಬೇಕಾಗಿದ್ದ ಹೆಚ್ಚು ಶಕ್ತಿಯ ಎಂಜಿನ್ ಅಭಿವೃದ್ಧಿಗೆ ಬ್ರಿಟಿಷ್ ಕಂಪನಿ ಹಣ ಕೇಳಿತು, ನಮ್ಮ ಸರ್ಕಾರ ಕೊಡಲಿಲ್ಲ. ಈಜಿಪ್ಟ್ ಜೊತೆಗಿನ ಪ್ರಯತ್ನವೂ ಕೈಗೂಡಲಿಲ್ಲ. ಕೊನೆಗೆ ಪುಟ್ಟ ನ್ಯಾಟ್‌ಗೆ ಬಳಸುತ್ತಿದ್ದ ಆರ್ಫಿಯಸ್ ಜಾತಿಯ ಎಂಜಿನ್ ಎರಡನ್ನು ಕೂರಿಸಿದರು. ಶಕ್ತಿ ಹೆಚ್ಚಿಸಿದ ಎಂಜಿನ್ನಿನ ಮಾದರಿಯನ್ನು ಪರೀಕ್ಷಿಸುವಾಗಲೇ, 1970ರ ಜನವರಿಯಲ್ಲಿ, ಸುರಂಜನ್ ದಾಸ್ ಅಪಘಾತದಲ್ಲಿ ಮಡಿದರು. ಎಚ್‌ಎಎಲ್ ಬಳಿಯ ರಸ್ತೆಯ ಬೋರ್ಡಿನಲ್ಲಿ ಅವರ ಹೆಸರಿದೆ. 1971ರಲ್ಲಿ ಪಶ್ಚಿಮ ಕಮಾಂಡ್‌ನ ಮಾರುತ್‌ಗಳು ರಾಜಸ್ಥಾನದ ಗಡಿಯಲ್ಲಿ ಚೆನ್ನಾಗಿಯೇ ಹೋರಾಡಿದವು; ಆಕಾಶ ಕಾಳಗದಲ್ಲಿ ಒಂದೂ ನಷ್ಟವಾಗಲಿಲ್ಲ. ಆದರೂ 147 ವಿಮಾನಗಳಿಗೆ ಕತೆ ಮುಗಿಯಿತು. ಸೋತದ್ದು ರೆಕ್ಕೆಯಲ್ಲ, ಎಂಜಿನ್.

ಕಾಲ ಬದಲಾಯಿತು, ಪಾಠ ಮಾತ್ರ ಮತ್ತೆ ಅದೇ. 1989ರಲ್ಲಿ ತೇಜಸ್‌ಗಾಗಿ ‘ಕಾವೇರಿ’ ಎಂಜಿನ್ ಯೋಜನೆ ಬೆಂಗಳೂರಿನಲ್ಲೇ ಶುರುವಾಯಿತು. ನಿರೀಕ್ಷಿಸಿದ ಶಕ್ತಿ ಬರಲಿಲ್ಲ. 2008ರಲ್ಲಿ ಅದನ್ನು ತೇಜಸ್‌ನಿಂದ ಬೇರ್ಪಡಿಸಿದರು. ಎತ್ತರದಲ್ಲಿ ಹಾರಿಸಿ ಪರೀಕ್ಷಿಸುವ ಸೌಲಭ್ಯ ನಮ್ಮಲ್ಲಿ ಇಲ್ಲದೆ 2010ರಲ್ಲಿ ಅದನ್ನು ರಷ್ಯಾಕ್ಕೆ ಒಯ್ಯಬೇಕಾಯಿತು. ತೇಜಸ್ ಹಾರುವುದು ಅಮೆರಿಕದ ಎಂಜಿನ್ನಿನಿಂದ. 83 ತೇಜಸ್ ಮಾರ್ಕ್-1ಎ ವಿಮಾನಗಳಿಗೆ ಒಪ್ಪಂದವಾದದ್ದು 2021ರ ಫೆಬ್ರುವರಿಯಲ್ಲಿ. ಅವುಗಳ ಮೊದಲ ಎಂಜಿನ್ ಅಮೆರಿಕದಿಂದ ಬಂದದ್ದು 2025ರ ಮಾರ್ಚ್‌ನಲ್ಲಿ. ಅದೇ ವರ್ಷದ ಸೆಪ್ಟೆಂಬರ್ 26ರಂದು ಚಂಡೀಗಡದಲ್ಲಿ ಮಿಗ್-21ಕ್ಕೆ ಬೀಳ್ಕೊಡುಗೆ ನಡೆಯಿತು. 1963ರಲ್ಲಿ ಅದು ಬಂದಿಳಿದದ್ದೂ ಅಲ್ಲಿಗೇ. ಹಳೆಯದು ಹೋಯಿತು, ಅದರ ಜಾಗ ತುಂಬಬೇಕಾದದ್ದು ಎಂಜಿನ್‌ಗೆ ಕಾದು ಕೂತಿದೆ.

ಕೊಂಡರೆ ತಪ್ಪೇನು ಎಂದು ಗೆಳೆಯರು ವಾದಿಸುತ್ತಾರೆ. ಸ್ವೀಡನ್ನಿನ ಗ್ರಿಪೆನ್‌ನಲ್ಲೂ ಅಮೆರಿಕ ಮೂಲದ ಎಂಜಿನ್ ಇದೆಯಲ್ಲ ಎನ್ನುತ್ತಾರೆ. ಮಾತು ಸರಿಯೇ. ಆದರೆ ನಮ್ಮ ಅನುಭವ ಬೇರೆ. 1998ರಲ್ಲಿ ಪೋಖ್ರಾನ್ ಪರೀಕ್ಷೆ ಆದ ಮೇಲೆ ಅಮೆರಿಕ ದಿಗ್ಬಂಧನ ಹೇರಿತು. ತೇಜಸ್ ಕೆಲಸಕ್ಕೆ ಅಲ್ಲಿದ್ದ ನಮ್ಮ ಎಂಜಿನಿಯರ್‌ಗಳು ವಾಪಸ್ ಬರಬೇಕಾಯಿತು. ಹಾರಾಟ ನಿಯಂತ್ರಣದ ತಂತ್ರಾಂಶವನ್ನು ಅವರು ಇಲ್ಲೇ ಕುಳಿತು ಮುಗಿಸಿದರು. 2001ರ ಜನವರಿ 4ರಂದು ತೇಜಸ್ ಹಾರಿತು. ಬಾಗಿಲು ಮುಚ್ಚಿದಾಗಲೇ ನಮಗೆ ನಮ್ಮ ಶಕ್ತಿ ಗೊತ್ತಾಗುವುದು. ಇಸ್ರೊ ಕೂಡ ಹಾಗೆಯೇ. ಕ್ರಯೋಜೆನಿಕ್ ತಂತ್ರಜ್ಞಾನ ಕೊಡದಂತೆ ರಷ್ಯಾದ ಮೇಲೆ ಒತ್ತಡ ಬಂದ ಎರಡು ದಶಕಗಳ ಮೇಲೆ, 2014ರ ಜನವರಿಯಲ್ಲಿ, ಸ್ವಂತ ಕ್ರಯೋಜೆನಿಕ್ ಎಂಜಿನ್ನಿನೊಂದಿಗೆ ಜಿಎಸ್‌ಎಲ್‌ವಿ ಗೆದ್ದಿತು.

ಜೆಟ್ ಎಂಜಿನ್ ಸುಲಭದ ತುತ್ತಲ್ಲ. ಅದರ ಟರ್ಬೈನ್‌ಗೆ ನುಗ್ಗುವ ಅನಿಲದ ಶಾಖ, ಅದರ ಅಲಗುಗಳ ಲೋಹ ಕರಗುವ ಶಾಖಕ್ಕಿಂತಲೂ ಹೆಚ್ಚು. ಅಲಗಿನೊಳಗೆ ಸಣ್ಣ ಸಣ್ಣ ದಾರಿ ಕೊರೆದು, ಗಾಳಿ ಹಾಯಿಸಿ ಅದನ್ನು ಉಳಿಸಬೇಕು. ಇದನ್ನು ಕಲಿಯಲು ಹತ್ತಾರು ವರ್ಷ ಬೇಕು, ಸೋಲನ್ನು ಸಹಿಸುವ ಸಂಸ್ಥೆ ಬೇಕು, ಜೀವಮಾನವಿಡೀ ಲೋಹವನ್ನೇ ಓದುವ ಜನ ಬೇಕು. ನಮ್ಮ ಕ್ಯಾಂಪಸ್‌ಗಳಲ್ಲಿ ಏನು ನಡೆಯುತ್ತಿದೆ? ನನ್ನ ತರಗತಿಯಲ್ಲಿ ಥರ್ಮೊಡೈನಮಿಕ್ಸ್‌ನಲ್ಲಿ ಮುಂದಿದ್ದವರೇ ಸಾಫ್ಟ್‌ವೇರ್ ಕಂಪನಿಗೆ ಹೋದರು. ಅವರನ್ನು ದೂರಲಾರೆ. ಮನೆಯಲ್ಲಿ ಸಾಲ ಇರುವವನಿಗೆ ಮೊದಲ ತಿಂಗಳ ಸಂಬಳವೇ ದೇಶ. ಮೆಕ್ಯಾನಿಕಲ್ ಓದಿದವನಿಗೆ ತಾನು ಓದಿದ್ದರಲ್ಲೇ ಅನ್ನ ಹುಟ್ಟುವಂತೆ ಮಾಡುವುದು ಸರ್ಕಾರ, ಉದ್ಯಮಗಳ ಕೆಲಸ. ಪರೀಕ್ಷಾ ಕೇಂದ್ರಗಳು, ಸಂಶೋಧನಾ ಫೆಲೋಶಿಪ್, ಕಾಲೇಜು ಪ್ರಯೋಗಾಲಯಕ್ಕೆ ನಿಜವಾದ ಕೆಲಸ, ಇವು ಹೊಸ ವಿಮಾನ ಖರೀದಿಯಷ್ಟೇ ತುರ್ತಿನವು.

ನಮ್ಮ ಪಾಲಿನದೂ ಇದೆ. ವಾಯುಪಡೆ ಎಂದರೆ ಕಾಕ್‌ಪಿಟ್ ಮಾತ್ರ ಎಂಬ ಭಾವನೆ ಬಿಡೋಣ. ಪೈಲಟ್ ಆಗಲು ಕಣ್ಣಿನ ಪರೀಕ್ಷೆ ಪಾಸಾಗದವರು ಲೋಹಶಾಸ್ತ್ರ ಓದಬಹುದು, ಡಿಪ್ಲೊಮಾ, ಐಟಿಐ ಮಾಡಿದವರು ಎಂಜಿನ್ ಶಾಪಿನಲ್ಲಿ ಕೈ ಪಳಗಿಸಬಹುದು. ದೇವಯ್ಯನವರ ಫೋಟೊವನ್ನು ಸ್ಟೇಟಸ್‌ಗೆ ಹಾಕುವುದು ಒಳ್ಳೆಯದೇ. ನಾಳೆ ಅವರಂಥವರನ್ನು ಕಡಿಮೆ ವೇಗದ ವಿಮಾನದಲ್ಲಿ ಕಳಿಸದಂತೆ ನೋಡಿಕೊಳ್ಳುವುದು ಅವರಿಗೆ ಸಲ್ಲಬೇಕಾದ ದೊಡ್ಡ ಗೌರವ.