ಪುಕ್ಕಟೆ ಕೋಡ್, ದುಬಾರಿ ಬಿಲ್ಲು

ಬೀದರಿನ ಗಾಂಧಿ ಗಂಜಿನಲ್ಲಿ ಹಮಾಲನು ಚೀಲ ಎತ್ತಿದರೆ ಹಮಾಲಿ ಉಂಟು, ತೂಗಿದವನಿಗೆ ತೂಕದ ಕೂಲಿ ಉಂಟು, ಅಡತಿಯವನಿಗೆ ಅಡತಿ ಉಂಟು. ಕೂಲಿ ಸಾಲದೆಂಬ ಜಗಳ ಹಂಗಾಮು ಹಂಗಾಮಿಗೂ ಇದ್ದದ್ದೇ. ಆದರೆ ‘ನೀನು ಎತ್ತಿದ ಚೀಲಕ್ಕೆ ಕೂಲಿಯೇ ಇಲ್ಲ’ ಎಂದು ಬಾಯಿ ಬಿಟ್ಟು ಹೇಳುವ ಧೈರ್ಯ ಅಲ್ಲಿ ಯಾವ ಸಾಹುಕಾರನಿಗೂ ಇಲ್ಲ. ಆ ಧೈರ್ಯವಿರುವುದು ಕಂಪ್ಯೂಟರ್ ಉದ್ಯಮದ ಸಾಹುಕಾರರಿಗೆ.

ಕೋಡ್ ಎಂದರೇನೆಂದು ಗಿರಣಿಯ ಬಂಧುಗಳು ಕೇಳಬಹುದು. ಹೀಗೆ ಮಾಡು, ಆಮೇಲೆ ಹಾಗೆ ಮಾಡು ಎಂದು ಕಂಪ್ಯೂಟರಿಗೆ ಮನುಷ್ಯನು ಬರೆದುಕೊಟ್ಟ ಅಪ್ಪಣೆಗಳ ಕಟ್ಟೇ ಕೋಡ್. ಭಾಲ್ಕಿಯ ಕಿರಾಣಿ ಅಂಗಡಿಯ ಬಿಲ್ಲು, ಔರಾದಿನ ಗೊಬ್ಬರದ ಅಂಗಡಿಯ ಜಿ.ಎಸ್.ಟಿ. ಲೆಕ್ಕ, ೨೦೧೬ರಲ್ಲಿ ಶುರುವಾದ ಯು.ಪಿ.ಐ. ಪಾವತಿ, ಎಲ್ಲವೂ ನಡೆಯುವುದು ಈ ಬರಹದ ಬಲದಿಂದ. ಇಂಥ ತಂತ್ರಾಂಶ ಮಾರುವ ಕಂಪನಿಯು ಅದರ ಕೋಡನ್ನೆಲ್ಲ ತಾನೇ ಬರೆದಿರುತ್ತದೆಂದು ತಿಳಿಯಬೇಡಿ. ದೊಡ್ಡ ಪಾಲು ಬೇರೆಯವರು ಬರೆದು ಲೋಕಕ್ಕೆ ಬಿಟ್ಟುಕೊಟ್ಟದ್ದು. ಅದನ್ನು ಎತ್ತಿಕೊಂಡು, ಮೇಲೊಂದು ಚಂದದ ಹೊದಿಕೆ ಹಾಕಿ, ವರ್ಷ ವರ್ಷ ಬಾಡಿಗೆ ವಸೂಲಿ ಮಾಡುವುದೇ ಇಂದು ಎಷ್ಟೋ ಕಡೆ ‘ಉದ್ಯಮಶೀಲತೆ’ ಎನಿಸಿಕೊಂಡಿದೆ!

‘ಅವರೇ ಪುಕ್ಕಟೆ ಕೊಟ್ಟಿದ್ದಾರೆ, ನಾವೇಕೆ ಕೊಡಬೇಕು?’ ಎಂಬುದು ಇವರ ಸಿದ್ಧ ಉತ್ತರ. ಬಸವಕಲ್ಯಾಣದ ಜಿಲ್ಲೆಯಲ್ಲಿ ಹುಟ್ಟಿದವರಿಗೆ ದಾಸೋಹವೆಂದರೇನೆಂದು ವಿವರಿಸಬೇಕಾಗಿಲ್ಲ. ಹಸಿದು ಬಂದವನು ಪಂಕ್ತಿಯಲ್ಲಿ ಕುಳಿತು ಉಣ್ಣಬಹುದು, ಎರಡನೆಯ ಸಲವೂ ಬಡಿಸಿಕೊಳ್ಳಬಹುದು. ಅದೇ ಅನ್ನವನ್ನು ಹಂಡೆಗಟ್ಟಲೆ ಹೊತ್ತೊಯ್ದು ತನ್ನ ಖಾನಾವಳಿಯಲ್ಲಿ ತಟ್ಟೆಗಿಷ್ಟೆಂದು ಮಾರಿ, ಮಠಕ್ಕೆ ಹಿಡಿ ಜೋಳವನ್ನೂ ಕೊಡದವನನ್ನು ನಮ್ಮ ಹಳ್ಳಿಯಲ್ಲಿ ಏನೆಂದು ಕರೆಯುತ್ತಾರೆ?

ಇನ್ನೊಂದು ಮಾತು. ಪುಕ್ಕಟೆ ಎಂದರೆ ಷರತ್ತಿಲ್ಲದ್ದು ಎಂದಲ್ಲ. ಒಬ್ಬ ಕರ್ತೃ ‘ನನ್ನ ಹೆಸರು ಅಳಿಸಬೇಡ’ ಎಂದಷ್ಟೇ ಬರೆದಿರುತ್ತಾನೆ. ಇನ್ನೊಬ್ಬನು, ೧೯೮೯ರಲ್ಲಿ ಮೊದಲು ಪ್ರಕಟವಾದ ಜಿ.ಪಿ.ಎಲ್. ಎಂಬ ಲೈಸೆನ್ಸಿನ ಪ್ರಕಾರ, ‘ಮಾರುವುದಾದರೆ ಮಾರು, ಆದರೆ ಕೊಂಡವನಿಗೆ ಮೂಲ ಕೋಡನ್ನೂ ಇದೇ ಹಕ್ಕುಗಳೊಡನೆ ಕೊಡು’ ಎಂದಿರುತ್ತಾನೆ. ಇದು ಕರಾರು. ಕರಾರು ಮುರಿದವನು ಕಳ್ಳಮಾಲು ಮಾರಿದಂತೆಯೇ.

ಫ್ರಾನ್ಸಿನ ಒಂದು ಮೊಕದ್ದಮೆಯನ್ನು ನಮ್ಮ ಕಾರ್ಮಿಕ ಬಂಧುಗಳು ತಿಳಿಯಲೇಬೇಕು. ‘ಆಂತ್ರುವೇರ್’ ಎಂಬುದು ಅಲ್ಲಿನ ಚಿಕ್ಕದೊಂದು ಸಂಸ್ಥೆ, ದುಡಿಯುವವರೇ ಒಡೆಯರಾಗಿರುವ ಸಹಕಾರಿ ಸಂಘ. ಅವರು ‘ಲಾಸೊ’ ಎಂಬ ಕೋಡನ್ನು ಬರೆದು ಜಿ.ಪಿ.ಎಲ್. ಷರತ್ತಿನ ಮೇಲೆ ಬಿಟ್ಟಿದ್ದರು. ಷರತ್ತು ಬೇಡವೆಂಬ ವ್ಯಾಪಾರಿಗೆ ಹಣ ಪಡೆದು ಬೇರೆ ಲೈಸೆನ್ಸ್ ಕೊಡುವ ದಾರಿಯನ್ನೂ ಇಟ್ಟಿದ್ದರು. ಆರೆಂಜ್ ಎಂಬ ದೈತ್ಯ ಟೆಲಿಫೋನ್ ಕಂಪನಿಯು ಆ ಕೋಡನ್ನು ಫ್ರೆಂಚ್ ಸರ್ಕಾರಕ್ಕೆ ಒದಗಿಸಿದ ವ್ಯವಸ್ಥೆಯಲ್ಲಿ ಸೇರಿಸಿತು. ಷರತ್ತನ್ನೂ ಪಾಲಿಸಲಿಲ್ಲ, ಹಣವನ್ನೂ ಕೊಡಲಿಲ್ಲ. ಸಹಕಾರಿಯವರು ೨೦೧೧ರಲ್ಲಿ ನ್ಯಾಯಾಲಯ ಹತ್ತಿದರು. ಕೆಳಗಿನ ನ್ಯಾಯಾಲಯದಲ್ಲಿ ಸೋತರು, ಮೇಲ್ಮನವಿಯಲ್ಲಿ ಸೋತರು; ಆದರೂ ಬಿಡಲಿಲ್ಲ. ಕೊನೆಗೆ ೨೦೨೪ರ ಫೆಬ್ರವರಿ ೧೪ರಂದು ಪ್ಯಾರಿಸಿನ ಮೇಲ್ಮನವಿ ನ್ಯಾಯಾಲಯವು ಐದು ಲಕ್ಷ ಯೂರೊಗೂ ಮಿಕ್ಕಿದ ಪರಿಹಾರವನ್ನು ಆರೆಂಜ್ ಕೊಡಬೇಕೆಂದು ತೀರ್ಪಿತ್ತಿತು. ಹದಿಮೂರು ವರ್ಷ! ದೈತ್ಯನಿಗೆ ಹದಿಮೂರು ವರ್ಷವೆಂದರೆ ವಕೀಲರ ಖರ್ಚು. ಚಿಕ್ಕವರಿಗೆ ಅದು ಅರ್ಧ ಆಯುಷ್ಯ.

ಕರಾರು ಮುರಿಯದೆಯೂ ಅನ್ಯಾಯ ನಡೆಯುತ್ತದೆ. ಬ್ಯಾಂಕಿನ ಗುಟ್ಟು ಜಾಲದಲ್ಲಿ ಸೋರದಂತೆ ಕಾಯುವ ‘ಓಪನ್ ಎಸ್.ಎಸ್.ಎಲ್.’ ಎಂಬ ಕೋಡಿನಲ್ಲಿ ೨೦೧೪ರ ಏಪ್ರಿಲಿನಲ್ಲಿ ಭಾರೀ ಬಿರುಕು ಕಂಡಿತು. ಜಗತ್ತಿನ ದೊಡ್ಡ ದೊಡ್ಡ ಕಂಪನಿಗಳ ವ್ಯವಹಾರವೆಲ್ಲ ಅದರ ಮೇಲೆ ನಿಂತಿತ್ತು. ಅದನ್ನು ನೋಡಿಕೊಳ್ಳುವವರಿಗೆ ಬರುತ್ತಿದ್ದ ದೇಣಿಗೆ ವರ್ಷಕ್ಕೆ ಸುಮಾರು ೨೦೦೦ ಡಾಲರು. ಆಮೇಲೆ ಕಂಪನಿಗಳು ನಿಧಿ ಕೂಡಿಸಿದ್ದು ನಿಜ. ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡಿದ ಕಥೆ. ೨೦೨೨ರ ಜನವರಿಯಲ್ಲಂತೂ ಅಮೆರಿಕದ ಒಂದು ಮಹಾ ಕಂಪನಿಯು, ‘ಕರ್ಲ್’ ಎಂಬ ಕೋಡನ್ನು ಪುಕ್ಕಟೆ ಕೊಟ್ಟಿರುವ ಸ್ವೀಡನ್ನಿನ ಡೇನಿಯಲ್ ಸ್ಟೆನ್‌ಬರ್ಗ್‌ರಿಗೆ, ತನ್ನ ಭದ್ರತೆಯ ಪ್ರಶ್ನೆಗಳಿಗೆಲ್ಲ ೨೪ ಗಂಟೆಯೊಳಗೆ ಉತ್ತರ ಕೊಡಬೇಕೆಂದು ಪತ್ರ ಬರೆಯಿತು. ಅದುವರೆಗೆ ಅವರಿಗೆ ಒಂದು ಕಾಸು ಕೊಟ್ಟ ಗಿರಾಕಿಯಲ್ಲ! ಬೆಂಬಲದ ಕರಾರಿಗೆ ಸಹಿ ಹಾಕಿರಿ, ಉತ್ತರಿಸುತ್ತೇನೆಂದು ಅವರು ಹೇಳಿದ್ದು ಸರಿಯಾಗಿಯೇ ಇತ್ತು.

ದೂರದ ಮಾತಾಯಿತು. ನಮ್ಮ ಪತ್ರಿಕೆಯ ಅಚ್ಚಿನ ಮನೆಯಲ್ಲಿ ಬೆರಳು ಆಡುವ ಕೀಲಿಮಣೆಯ ವಿನ್ಯಾಸ ಕೆ.ಪಿ. ರಾವ್ ಅವರದು. ಅವರು ಅದನ್ನು ‘ಸೇಡಿಯಾಪು’ ತಂತ್ರಾಂಶದೊಡನೆ ಕನ್ನಡಿಗರಿಗೆ ಪುಕ್ಕಟೆಯಾಗಿಯೇ ಕೊಟ್ಟರು; ಅದರ ಆಧಾರದ ಮೇಲೆಯೇ ಸರ್ಕಾರದ ಅಧಿಕೃತ ವಿನ್ಯಾಸ ರೂಪುಗೊಂಡಿತು. ಡಿ.ಟಿ.ಪಿ. ಅಂಗಡಿಗಳಲ್ಲಿ ಎಷ್ಟು ಜನ ಅವರ ಹೆಸರು ಬಲ್ಲರು? ೧೯೯೮ರಲ್ಲಿ ‘ಬರಹ’ವನ್ನು ಹೊರತಂದ ಶೇಷಾದ್ರಿವಾಸು, ತಮ್ಮ ಕೆಲಸವನ್ನು ಕನ್ನಡ ಗಣಕ ಪರಿಷತ್ತಿನ ‘ನುಡಿ’ಯಲ್ಲಿ ನಕಲು ಮಾಡಲಾಗಿದೆಯೆಂದು ಬಹಿರಂಗವಾಗಿ ದೂರಿದ್ದರು. ತೀರ್ಪು ಕೊಡಲು ನಾವು ನ್ಯಾಯಾಧೀಶರಲ್ಲ. ಯಾರ ಕೋಡ್ ಎಲ್ಲಿಂದ ಬಂತು, ಯಾವ ಷರತ್ತಿನ ಮೇಲೆ ಬಂತು ಎಂದು ಮೊದಲೇ ಕಾಗದದ ಮೇಲೆ ಬರೆದಿಡುವ ಪದ್ಧತಿ ಇರುವಲ್ಲಿ ಇಂಥ ದೂರು ಬಹಳ ದಿನ ಬಾಳುವುದಿಲ್ಲ. ನಮ್ಮ ಬಿದರಿ ಕೆಲಸಕ್ಕೆ ೨೦೦೬ರಲ್ಲಿ ಭೌಗೋಳಿಕ ಗುರುತು ಸಿಕ್ಕಿದ್ದು ಏಕೆ? ಕೋಟೆಯ ಮಣ್ಣನ್ನು ಯಾರೂ ತಯಾರಿಸಲಿಲ್ಲ. ಆದರೆ ಆ ಕಪ್ಪಿನ ಮೇಲೆ ಬೆಳ್ಳಿಯ ಎಳೆ ಕೂಡಿಸಿದ ಕೈ ಯಾರದೆಂಬುದು ಲೆಕ್ಕಕ್ಕೆ ಬರಬೇಕು.

ವ್ಯಾಪಾರಿ ಬಂಧುಗಳಿಗೆ ಕಹಿಯಾದರೂ ಒಂದು ಮಾತು. ಲೆಕ್ಕದ ತಂತ್ರಾಂಶದ ಕಳ್ಳ ಪ್ರತಿಯನ್ನು ಇನ್ನೂರು ರೂಪಾಯಿಗೆ ಹಾಕಿಸಿಕೊಂಡು ದೊಡ್ಡವರನ್ನು ಬೈಯುವ ಅಧಿಕಾರ ನಮಗಿಲ್ಲ. ಕೃತಿಸ್ವಾಮ್ಯ ಕಾಯಿದೆಯ ೬೩-ಬಿ ಕಲಮು ಇದಕ್ಕೆ ಏಳು ದಿನದಿಂದ ಮೂರು ವರ್ಷದವರೆಗೆ ಸೆರೆವಾಸವನ್ನೂ, ೫೦,೦೦೦ದಿಂದ ಎರಡು ಲಕ್ಷ ರೂಪಾಯಿವರೆಗೆ ದಂಡವನ್ನೂ ಹೇಳುತ್ತದೆ. ಕಲಮು ಬಡವ ಬಲ್ಲಿದನೆಂಬ ಭೇದ ಮಾಡುವುದಿಲ್ಲ. ಆದರೆ ಒಂದೇ ಕಂಪ್ಯೂಟರಿನ ಅಂಗಡಿಯನ್ನು ಹಿಡಿಯುವಷ್ಟು ಸುಲಭವಾಗಿ ಗಾಜಿನ ಮಹಲನ್ನು ಹಿಡಿಯಲಾದೀತೆ? ಹಣವಿಲ್ಲದವರಿಗೆ ಲಿಬ್ರೆಆಫೀಸಿನಂತಹ ಸ್ವತಂತ್ರ ತಂತ್ರಾಂಶ ಇದೆ. ಅದನ್ನು ನೇರವಾಗಿ ಬಳಸಲಿ, ಸಾಧ್ಯವಾದಾಗ ನೂರು ರೂಪಾಯಿ ದೇಣಿಗೆ ಕಳಿಸಲಿ.

ಕಂಪನಿಯಲ್ಲಿ ಸಂಬಳಕ್ಕೆ ಕೋಡ್ ಬರೆಯುವ ಹುಡುಗರೂ ಕೂಲಿಕಾರರೇ. ಬೇರೆ ಒಪ್ಪಂದವಿಲ್ಲದಿದ್ದರೆ ಅವರು ಬರೆದದ್ದು ಅದೇ ಕಾಯಿದೆಯ ೧೭ನೆಯ ಕಲಮಿನಂತೆ ಒಡೆಯನ ಸೊತ್ತು. ತನ್ನ ಆಳಿನ ಬರಹದ ಮೇಲೆ ಇಷ್ಟು ಬಿಗಿಯಾಗಿ ಹಕ್ಕು ಸಾಧಿಸುವ ಒಡೆಯನು ಪರರ ಬರಹಕ್ಕೆ ಬಂದಾಗ ಮಾತ್ರ ಉದಾರವಾದಿಯಾಗುತ್ತಾನೆ!

ಸರ್ಕಾರ ಜನರ ತೆರಿಗೆಯಿಂದ ತಂತ್ರಾಂಶ ಕೊಳ್ಳುವಾಗ, ಅದರೊಳಗಿರುವ ಪರರ ಕೋಡಿನ ಪಟ್ಟಿಯನ್ನೂ ಲೈಸೆನ್ಸುಗಳನ್ನೂ ಟೆಂಡರಿನಲ್ಲಿಯೇ ಕೇಳಬೇಕು. ಬೆಲೆಯ ಒಂದು ಪಾಲು ಅದನ್ನು ಬರೆದು ಕಾಯುವವರಿಗೆ ಹೋಗಬೇಕು. ಬೀದರ್, ಭಾಲ್ಕಿ, ಔರಾದಿನ ವ್ಯಾಪಾರಿ ಸಂಘಗಳು ಸರ್ಕಾರವನ್ನು ಕಾಯಬೇಕಾಗಿಲ್ಲ. ಬಿಲ್ಲಿನ ತಂತ್ರಾಂಶದ ವಾರ್ಷಿಕ ಬಾಡಿಗೆ ಕೇಳಲು ಈ ಮಾರ್ಚಿನಲ್ಲಿ ಏಜೆಂಟನು ಬರುತ್ತಾನಲ್ಲ, ಅವನನ್ನು ಕೂರಿಸಿ, ಚಹಾ ಕೊಟ್ಟು, ಮೂರು ಪ್ರಶ್ನೆ ಕೇಳಿರಿ: ಇದರಲ್ಲಿ ಯಾರ ಯಾರ ಕೋಡ್ ಇದೆ? ಅವರ ಷರತ್ತೇನು? ಅವರಿಗೆ ನೀವು ಕೊಟ್ಟದ್ದೆಷ್ಟು? ಉತ್ತರವನ್ನು ಬಿಲ್ಲಿನ ಬೆನ್ನ ಮೇಲೆ ಬರೆಸಿ, ಸಹಿ ಹಾಕಿಸಿಕೊಳ್ಳಿರಿ.